ಎರಡು ಸಲ ಊರು ಬಿಟ್ಟ ಡ್ಯಾನ್ಸ್ ಟೀಚರ್: ಬಾಂಬೆಯ ಹಿಲ್ಡೆ ಹೋಲ್ಗರ್

ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ಇಲ್ಲಿ ಕೂತಿರೋರಲ್ಲಿ ರೇಡಿಯೋ ಕಾಲದವರೇ ಜಾಸ್ತಿ ಅನ್ನೋ ಧೈರ್ಯದ ಮೇಲೆ ಕೇಳ್ತಿದೀನಿ. ಬೆಳಿಗ್ಗೆ ಆಕಾಶವಾಣಿ ಶುರುವಾಗೋಕ್ಕೆ ಮುಂಚೆ ತಂಬೂರಿ ಶ್ರುತಿ ಮೇಲೆ ವಯಲಿನ್‌ನಲ್ಲಿ ಒಂದು ಟ್ಯೂನ್ ಬರ್ತಿತ್ತಲ್ಲ, ಶಿವರಂಜನಿ ಛಾಯೆಯದ್ದು, ಅದನ್ನ ಮಾಡಿದ್ದು ಯಾರು? ವಾಲ್ಟರ್ ಕೌಫ್‌ಮನ್ ಅಂತ ಒಬ್ಬ ಯಹೂದಿ ಸಂಗೀತಗಾರ, ಪ್ರಾಗ್ ಕಡೆಯವರು, 1934ರಲ್ಲಿ ಬಾಂಬೆಗೆ ಬಂದು ಇಲ್ಲಿ ರೇಡಿಯೋದಲ್ಲಿ ಕೆಲಸ ಮಾಡಿದವರು. ಹಿಟ್ಲರ್ ಇಲ್ಲದೇ ಹೋಗಿದ್ರೆ ಆ ಮನುಷ್ಯ ಈ ಕಡೆ ಇಷ್ಟು ವರ್ಷ ಇರ್ತಿದ್ರೋ ಇಲ್ವೋ, ಆದ್ರೆ ದೇಶ ಪೂರ್ತಿ ದಶಕಗಟ್ಟಲೆ ಎದ್ದಿದ್ದು ಅವರ ಟ್ಯೂನ್ ಕೇಳಿಕೊಂಡು.

ಆ ಕಾಲದಲ್ಲಿ ಬಾಂಬೆಗೆ ಹೀಗೆ ಬಂದವರ ಪಟ್ಟಿ ದೊಡ್ಡದಿದೆ. ವಿಯೆನ್ನಾದಿಂದ ಪೇಂಟರ್ ವಾಲ್ಟರ್ ಲಾಂಗ್‌ಹ್ಯಾಮರ್ ಬಂದ್ರು, ಟೈಮ್ಸ್ ಆಫ್ ಇಂಡಿಯಾದಲ್ಲಿ ಆರ್ಟ್ ಡೈರೆಕ್ಟರ್ ಆದ್ರು. ರುಡಾಲ್ಫ್ ಫಾನ್ ಲೈಡೆನ್ ಅಂತ ಕಲಾ ವಿಮರ್ಶಕರು, ಎಮಾನ್ಯುಯೆಲ್ ಶ್ಲೆಸಿಂಗರ್ ಅಂತ ಚಿತ್ರಗಳನ್ನ ಕೊಂಡುಕೊಳ್ತಿದ್ದ ಬಿಸ್ನೆಸ್‌ನವರು. 1947ರಲ್ಲಿ ಶುರುವಾದ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್, ಅಂದ್ರೆ ಹುಸೇನ್, ರಝಾ, ಸೋಜಾ, ಆರಾ, ಇವರ ಬಗ್ಗೆ ಯಾರು ಬರೆದ್ರೂ ಈ ಮೂರು ಹೆಸರು ಬಂದೇ ಬರುತ್ತೆ. ಬರಲಿ, ಒಳ್ಳೇದೇ. ಆದ್ರೆ ಅದೇ ಹೊತ್ತಿಗೆ ಅದೇ ವಿಯೆನ್ನಾದಿಂದ ಅದೇ ಊರಿಗೆ ಬಂದ ಒಬ್ಬ ಹೆಂಗಸಿನ ಹೆಸರು ಆ ಪಟ್ಟಿಯ ಕೊನೆಗೆ ಎಲ್ಲೋ ಒಂದು ಸಾಲಿನಲ್ಲಿ ಇದ್ರೆ ಉಂಟು ಇಲ್ಲಾಂದ್ರೆ ಇಲ್ಲ. ಕ್ಯಾನ್ವಾಸ್ ಆದ್ರೆ ಹರಾಜಿಗೆ ಬರುತ್ತೆ, ರೇಟ್ ಏರುತ್ತೆ, ಪೇಪರ್‌ನಲ್ಲಿ ಸುದ್ದಿಯಾಗುತ್ತೆ, ಡ್ಯಾನ್ಸ್ ಕಲಿಸಿದ್ದು ಯಾವ ಗೋಡೆ ಮೇಲೂ ನೇತಾಡಲ್ಲ.

ನಾನು ಇತಿಹಾಸ ಓದಿದವಳಲ್ಲ. ಡೊಂಬಿವಲಿಯಲ್ಲಿ ಒಂದು ಹಾಲ್ ಬಾಡಿಗೆಗೆ ತಗೊಂಡು ಮಕ್ಕಳಿಗೆ ಭರತನಾಟ್ಯ ಹೇಳಿಕೊಡೋಳು. ಹಾಗಾಗಿ ಹಿಲ್ಡೆ ಹೋಲ್ಗರ್ ಬಗ್ಗೆ ಒಬ್ಬ ಟೀಚರ್ ಇನ್ನೊಬ್ಬ ಟೀಚರ್ ಬಗ್ಗೆ ಮಾತಾಡೋ ಥರ ಮಾತಾಡ್ತೀನಿ, ಪಕ್ಷಪಾತ ಇದ್ದೇ ಇರುತ್ತೆ.

ಹುಟ್ಟಿದ್ದು 1905, ವಿಯೆನ್ನಾ, ಯಹೂದಿ ಮನೆತನ, ಹುಟ್ಟುಹೆಸರು ಹಿಲ್ಡೆ ಸೋಫರ್. ತಂದೆ ಇವರು ಸಣ್ಣವರಿದ್ದಾಗಲೇ ಹೋಗಿಬಿಟ್ರು. ಗೆರ್ಟ್ರೂಡ್ ಬೋಡೆನ್‌ವೀಸರ್ ಅಂತ ಆ ಊರಿನ ದೊಡ್ಡ ಗುರು, ಅವರ ಕೈಕೆಳಗೆ ಕಲಿತು ಅವರ ಟ್ರೂಪ್‌ನಲ್ಲೇ ಕುಣಿದ್ರು. ಆಗ ಅಲ್ಲಿ ಬ್ಯಾಲೆಯನ್ನ ಬಿಟ್ಟು ಹೊಸ ಥರದ ಡ್ಯಾನ್ಸ್ ಹುಟ್ಟಿತ್ತು, ಕಾಲಿನ ತುದಿ ಮೇಲೆ ನಿಂತು ಹಂಸ ಆಗೋದೆಲ್ಲ ಬೇಡ, ಮನಸ್ಸಿನಲ್ಲಿ ಏನಿದೆಯೋ ಅದು ಮೈಯಿಂದ ಬರಲಿ, ಕೋಪ ಇದ್ರೆ ಕೋಪ, ಭಯ ಇದ್ರೆ ಭಯ, ಮಷಿನ್ ಆಗಬೇಕಾದ್ರೆ ಮಷಿನ್ನೇ ಆಗಿ ಅನ್ನೋ ಶೈಲಿ. 1926ರಲ್ಲಿ, ಅಂದ್ರೆ ಇಪ್ಪತ್ತೊಂದರ ಆಸುಪಾಸಿನಲ್ಲೇ, ವಿಯೆನ್ನಾದ ಮಧ್ಯಭಾಗದಲ್ಲಿ ಒಂದು ಹಳೇ ಅರಮನೆಯಂಥ ಕಟ್ಟಡದಲ್ಲಿ ಸ್ವಂತ ಸ್ಕೂಲ್ ತೆಗೆದುಬಿಟ್ರು. ನಮ್ಮ ಹುಡುಗಿಯರು ಆ ವಯಸ್ಸಿಗೆ ರಂಗಪ್ರವೇಶದ ಸಾಲ ತೀರಿಸ್ತಾ ಇರ್ತಾರೆ.

ಮುಂದಿನದ್ದು ನಿಮಗೆ ಗೊತ್ತು. 1938 ಮಾರ್ಚ್‌ನಲ್ಲಿ ಹಿಟ್ಲರನ ಸೈನ್ಯ ಆಸ್ಟ್ರಿಯಾಗೆ ಬಂತು. ಯಹೂದಿಗಳು ಸ್ಟೇಜ್ ಹತ್ತೋ ಹಾಗಿಲ್ಲ, ಕಲಿಸೋ ಹಾಗಿಲ್ಲ. ಗುರು ಬೋಡೆನ್‌ವೀಸರ್ ಕೂಡ ತಪ್ಪಿಸಿಕೊಂಡು ಕೊನೆಗೆ ಆಸ್ಟ್ರೇಲಿಯಾ ಸೇರಿದ್ರು, ಅವರ ಗಂಡ ಆಶ್ವಿಟ್ಸ್ ಅನ್ನೋ ನಾಜಿಗಳ ಕ್ಯಾಂಪ್‌ನಲ್ಲಿ ಸತ್ತರು. ಆ ವರ್ಷ ಜುಲೈನಲ್ಲಿ ಎವಿಯಾನ್ ಅನ್ನೋ ಊರಿನಲ್ಲಿ 32 ದೇಶದವರು ಸೇರಿ ಈ ನಿರಾಶ್ರಿತರನ್ನ ಏನು ಮಾಡೋಣ ಅಂತ ಮೀಟಿಂಗ್ ಮಾಡಿದ್ರು, ಎಲ್ಲರೂ ಅಯ್ಯೋ ಪಾಪ ಅಂದ್ರು, ಬಾಗಿಲು ತೆಗೆದವರು ಒಬ್ಬರೋ ಇಬ್ಬರೋ. ಅಂಥಾ ಟೈಮ್‌ನಲ್ಲಿ ಬ್ರಿಟಿಷ್ ಇಂಡಿಯಾದ ವೀಸಾ ಸಿಗಬೇಕಾದ್ರೆ, ಈ ಮನುಷ್ಯ ಸರ್ಕಾರಕ್ಕೆ ಹೊರೆ ಆಗಲ್ಲ ಅಂತ ಇಲ್ಲಿ ಯಾರಾದ್ರೂ ಜವಾಬ್ದಾರಿ ಹೊರಬೇಕು. ಬಾಂಬೆಯಲ್ಲಿ 1934ರಲ್ಲೇ ಜ್ಯೂಯಿಷ್ ರಿಲೀಫ್ ಅಸೋಸಿಯೇಶನ್ ಅಂತ ಒಂದು ಸಂಸ್ಥೆ ಹುಟ್ಟಿಕೊಂಡಿತ್ತು, ಇಂಥಾ ಕೆಲಸಕ್ಕೇ. ಕಾಲಾ ಘೋಡಾದ ಹತ್ರ ನೀಲಿ ಸಿನಗಾಗ್, ಯಹೂದಿಗಳ ಪ್ರಾರ್ಥನಾ ಮಂದಿರ, ಇದೆಯಲ್ಲ, ಫೋಟೋ ತೆಗೆಸಿಕೊಳ್ಳೋಕೆ ಹೋಗ್ತೀರಲ್ಲ, ಅದು 1884ರದ್ದು. ಅಂದ್ರೆ ಇವರೆಲ್ಲ ಬರೋ ಹೊತ್ತಿಗೆ ಬಾಗ್ದಾದಿ ಯಹೂದಿಗಳು, ಮರಾಠಿ ಮಾತಾಡೋ ಬೆನೆ ಇಸ್ರೇಲ್ ಯಹೂದಿಗಳು ಈ ಊರಿನಲ್ಲಿ ಹಳಬರಾಗಿಬಿಟ್ಟಿದ್ರು.

ಹಿಲ್ಡೆ 1939ರಲ್ಲಿ ಬಂದ್ರು. ತಾಯಿಯನ್ನ ಕರಕೊಂಡು ಬರೋಕೆ ಆಗಲಿಲ್ಲ. ತಾಯಿಯೂ ಸೇರಿ ಆ ಕುಟುಂಬದ ಹಲವರು ನಾಜಿಗಳ ಕೈಯಲ್ಲಿ ಸತ್ತರು.

ಇಲ್ಲಿ ಸ್ವಲ್ಪ ನಿಲ್ತೀನಿ. ನಮ್ಮವರು, ಅಂದ್ರೆ ಈ ಊರಿನ ಕನ್ನಡದವರು, ಒಂದು ಮಾತು ಹೇಳ್ತಿರ್ತಾರೆ, ನಾವೂ ಊರು ಬಿಟ್ಟು ಬಂದವರೇ, ನಮಗೂ ಆ ನೋವು ಗೊತ್ತು ಅಂತ. ನಮ್ಮಜ್ಜ ಮಂಗಳೂರಿಂದ ಸ್ಟೀಮರ್ ಹತ್ತಿ ಬಂದವರು, ಬಾಂಬೆಯ ಭಾವುಚಾ ಧಕ್ಕಾ ಬಂದರಿನಲ್ಲಿ ಇಳಿದು ಸೀದಾ ಫೋರ್ಟ್‌ನಲ್ಲಿದ್ದ ಭಾವನ ಹೋಟೆಲ್‌ಗೆ ಹೋಗಿ ಗ್ಲಾಸ್ ತೊಳೆಯೋಕೆ ನಿಂತವರು, ರಾತ್ರಿ ನೈಟ್ ಸ್ಕೂಲ್, ಮಲಗೋದು ಹೋಟೆಲ್ಲಿನ ಬೆಂಚಿನ ಮೇಲೆ. ಕಷ್ಟ ಹೌದು. ಆದ್ರೆ ಅಜ್ಜ ಪ್ರತಿ ವರ್ಷ ಮನೆದೈವದ ನೇಮಕ್ಕೆ ಊರಿಗೆ ಹೋಗ್ತಿದ್ರು, ಹೋದ್ರೆ ಅಲ್ಲಿ ಮನೆ ಇರ್ತಿತ್ತು, ಬಾವಿ ಇರ್ತಿತ್ತು, ಅಂಗಳದಲ್ಲಿ ಅಮ್ಮ ಕೂತಿರ್ತಿದ್ರು. ಆ ವ್ಯತ್ಯಾಸ ಸಣ್ಣದು ಅಂತ ಯಾರೂ ಹೇಳಬೇಡಿ.

ಇನ್ನೊಂದು ತಮಾಷೆ ನೋಡಿ, ತಮಾಷೆ ಅನ್ನಬಾರದು. 1939 ಸೆಪ್ಟೆಂಬರ್‌ನಲ್ಲಿ ಯುದ್ಧ ಶುರುವಾದ ಕೂಡ್ಲೇ ಇಲ್ಲಿನ ಬ್ರಿಟಿಷ್ ಸರ್ಕಾರ ಜರ್ಮನ್, ಆಸ್ಟ್ರಿಯನ್ ಗಂಡಸರನ್ನ ಶತ್ರು ದೇಶದವರು ಅಂತ ಹಿಡಿದು ಒಳಗೆ ಹಾಕಿತು. ಹಿಟ್ಲರ್‌ನಿಂದ ಓಡಿ ಬಂದ ಯಹೂದಿಗಳು, ಹಿಟ್ಲರ್‌ಗೆ ಜೈ ಅನ್ನೋ ಜರ್ಮನ್ ಕಂಪನಿ ನೌಕರರು, ಇಬ್ಬರೂ ಅಹ್ಮದ್‌ನಗರದ ಒಂದೇ ಕ್ಯಾಂಪ್‌ನಲ್ಲಿ. ಆಮೇಲೆ ಒಂದು ಕಮಿಟಿ ಕೂತು ವಿಚಾರಣೆ ಮಾಡಿ ತುಂಬಾ ಜನ ಯಹೂದಿಗಳನ್ನ ಬಿಟ್ರು, ಎಲ್ಲರನ್ನೂ ಅಲ್ಲ. ಕೆಲವು ಸಂಸಾರಗಳು ಪುರಂದರ ಕೋಟೆಯ ಮೇಲೆ, ಸಾತಾರಾದಲ್ಲಿ ವರ್ಷಗಟ್ಟಲೆ ಕಳೆದವು. ಪುಣೆಯಿಂದ ಬಂದಿರೋರು ಇಲ್ಲಿದ್ದೀರಿ, ಸಂಡೇ ಟ್ರೆಕ್ಕಿಂಗ್ ಅಂತ ಪುರಂದರಕ್ಕೆ ಹೋಗಿ ಝುಣಕಾ ಭಾಕರಿ ತಿಂದು ಬರ್ತೀರಿ, ಮುಂದಿನ ಸಲ ಹೋದಾಗ ಅಲ್ಲಿನ ಹಳೇ ಬಂಗಲೆಗಳನ್ನ ಸ್ವಲ್ಪ ನೋಡಿ.

ಅಂಥಾ ವಾತಾವರಣದಲ್ಲಿ 1940ರಲ್ಲಿ ಹಿಲ್ಡೆ ಮದುವೆ ಆದ್ರು. ಡಾಕ್ಟರ್ ಆದಿ ಬೊಮನ್-ಬೆಹ್ರಾಮ್, ಪಾರ್ಸಿ, ಹೋಮಿಯೋಪತಿ ವೈದ್ಯರು, ಕಲೆ ಅಂದ್ರೆ ಜೀವ. ಆ ಕಾಲದ ಬ್ರಿಟಿಷ್ ಕಾನೂನಿನಲ್ಲಿ ಗಂಡನ ಪೌರತ್ವವೇ ಹೆಂಡತಿಗೆ. 1941 ನವೆಂಬರ್‌ನಲ್ಲಿ ಜರ್ಮನ್ ಸರ್ಕಾರ ದೇಶದ ಹೊರಗಿರೋ ಯಹೂದಿಗಳ ಪೌರತ್ವವನ್ನೇ ತೆಗೆದುಹಾಕಿತು, ಲಕ್ಷಾಂತರ ಜನ ಯಾವ ದೇಶಕ್ಕೂ ಸೇರದವರಾದ್ರು, ಇವರು ಬಚಾವ್.

ಪಾರ್ಸಿ ಮನೆಗೆ ಸೊಸೆಯಾಗಿ ಹೋಗೋದು ಹೇಗಿತ್ತು ಅನ್ನೋದಕ್ಕೆ ಒಂದು ಹಳೇ ಕೇಸ್ ಹೇಳಲೇಬೇಕು, ವಕೀಲರಿದ್ರೆ ತಲೆ ಆಡಿಸ್ತೀರಿ. ಆರ್.ಡಿ. ಟಾಟಾ ಅವರು ಫ್ರೆಂಚ್ ಹೆಂಗಸನ್ನ ಮದುವೆ ಆದ್ರಲ್ಲ, ಜೆ.ಆರ್.ಡಿ. ಟಾಟಾ ಅವರ ತಾಯಿ, ಆಕೆ ಧರ್ಮಕ್ಕೆ ಸೇರಿದ್ರೂ ಅಗಿಯಾರಿಗೆ, ಅಂದ್ರೆ ಪಾರ್ಸಿಗಳ ಅಗ್ನಿ ದೇವಸ್ಥಾನಕ್ಕೆ, ಬಿಡಬೇಕಾ ಬೇಡ್ವಾ ಅಂತ ಜಗಳ ಬಾಂಬೆ ಹೈಕೋರ್ಟ್‌ಗೆ ಹೋಯ್ತು. 1908ರಲ್ಲಿ ತೀರ್ಪು ಬಂತು. ಪಾರ್ಸಿ ತಂದೆಗೆ ಹುಟ್ಟಿದ ಮಕ್ಕಳು ಧರ್ಮಕ್ಕೆ ಸೇರಿಸಿಕೊಂಡ್ರೆ ಪಾರ್ಸಿಗಳೇ, ಹೊರಗಿನಿಂದ ಬಂದ ಹೆಂಡತಿಗೆ ಆ ಹಕ್ಕಿಲ್ಲ. ಇದೇ ನಿಯಮದ ಕೆಳಗೆ ಹಿಲ್ಡೆ ಸಂಸಾರ ಹೂಡಿದ್ದು. ಹುಟ್ಟೋ ಮಕ್ಕಳು ಒಳಗಿನವರು ಆಗಬಹುದು, ತಾಯಿ ಹೊರಗಿನವಳೇ.

1941ರಲ್ಲಿ ಬಾಂಬೆಯಲ್ಲಿ ಡ್ಯಾನ್ಸ್ ಸ್ಕೂಲ್ ಶುರುವಾಯ್ತು. ಎಲ್ಲಾ ಜಾತಿ, ಎಲ್ಲಾ ಧರ್ಮ, ಬೇರೆ ಬೇರೆ ದೇಶದ ಮಕ್ಕಳು ಒಂದೇ ಕ್ಲಾಸಿನಲ್ಲಿ. ಆ ಸ್ಕೂಲಿನ ಸುತ್ತಮುತ್ತ ಯಾರಿದ್ರು ಕೇಳಿ. ಮಾಗ್ದಾ ನಾಖ್‌ಮನ್ ಅಂತ ರಷ್ಯಾದ ಪೇಂಟರ್, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿ ಬರ್ಲಿನ್ ದಾಟಿ ಬಾಂಬೆಗೆ ಬಂದಾಕೆ, ಗಂಡ ಎಂ.ಪಿ.ಟಿ. ಆಚಾರ್ಯ ಅಂತ ಮದ್ರಾಸ್ ಕಡೆಯ ಕ್ರಾಂತಿಕಾರಿ, ಬ್ರಿಟಿಷರಿಗೆ ಹೆದರಿ ಜಗತ್ತೆಲ್ಲ ತಿರುಗಿದ ಮನುಷ್ಯ. ಆ ಮಾಗ್ದಾ ಹಿಲ್ಡೆಯ ಪ್ರೊಡಕ್ಷನ್‌ಗಳಿಗೆ ಡಿಸೈನ್ ಮಾಡಿಕೊಟ್ಟವರು, 1951ರಲ್ಲಿ ಇದೇ ಊರಿನಲ್ಲಿ ತೀರಿಕೊಂಡ್ರು. ಆಮೇಲೆ ಡ್ಯಾನ್ಸರ್ ಉದಯ್ ಶಂಕರ್ ಪರಿಚಯ. ಮತ್ತೆ ನಮ್ಮವರು ಒಬ್ಬರು, ಬೆಂಗಳೂರಿನ ರಾಮ್ ಗೋಪಾಲ್. ಹೆಸರು ಕೇಳಿದೀರಾ? ಕೈ ಎತ್ತಿದವರು ಕಮ್ಮಿ, ಬೇಜಾರಾಗುತ್ತೆ. ತಾಯಿ ಬರ್ಮಾದವರು, ತಂದೆ ರಜಪೂತ ಲಾಯರ್, ಹುಡುಗ ಬೆಂಗಳೂರಿನಲ್ಲಿ ಬೆಳೆದು 1939ರಲ್ಲಿ ಲಂಡನ್ ಸ್ಟೇಜ್ ಗೆದ್ದ ಡ್ಯಾನ್ಸರ್, ಹಿಲ್ಡೆಗೆ ಒಳ್ಳೇ ಸ್ನೇಹಿತ.

ಮನೆಯೊಳಗೆ ಗುಜರಾತಿ, ಬೀದಿಯಲ್ಲಿ ಹಿಂದೂಸ್ತಾನಿ, ಕ್ಲಾಸಿನಲ್ಲಿ ಇಂಗ್ಲಿಷ್, ನಿರಾಶ್ರಿತ ಗೆಳೆಯರು ಸೇರಿದ್ರೆ ಜರ್ಮನ್. ಇದು ನಮಗೆ ಬಿಡಿ, ಹೊಸದಲ್ಲ, ನನ್ನ ಹತ್ರ ಬರೋ ಒಂದು ಹುಡುಗಿ ಅಜ್ಜಿ ಹತ್ರ ತುಳು, ಅಪ್ಪನ ಹತ್ರ ಕನ್ನಡ, ರಿಕ್ಷಾದವನ ಹತ್ರ ಮರಾಠಿ, ಜಗಳಕ್ಕೆ ಹಿಂದಿ. ಆದ್ರೆ ಹಿಲ್ಡೆ ಇಲ್ಲಿ ಇನ್ನೂ ಒಂದು ಭಾಷೆ ಎತ್ತಿಕೊಂಡ್ರು, ಅದು ಹಸ್ತ, ಅಂದ್ರೆ ನಾಟ್ಯದ ಕೈ ಮುದ್ರೆ. ನಮ್ಮಲ್ಲಿ ಒಂಟಿ ಕೈಯಲ್ಲೇ 28 ಹಸ್ತ ಇದೆ, ಪತಾಕ ಒಂದರಲ್ಲೇ ಮೋಡ, ಕಾಡು, ಹೊಳೆ, ಬೇಡ ಅನ್ನೋದು, ಬಾಗಿಲು ತಟ್ಟೋದು ಎಲ್ಲಾ ಹೇಳಬಹುದು. ಅವರ ವಿಯೆನ್ನಾ ಶೈಲಿಯಲ್ಲಿ ಇಡೀ ಮೈ ಮಾತಾಡ್ತಿತ್ತು, ಬೆರಳುಗಳಿಗೆ ಇಷ್ಟು ಕೆಲಸ ಇರಲಿಲ್ಲ. ಬಾಂಬೆಯಲ್ಲಿ ನೋಡಿದ ಈ ಕೈಗಳು ಅವರ ಕೊರಿಯೋಗ್ರಫಿಯೊಳಗೆ ಹೋದವು, ಆಮೇಲೂ ಅಲ್ಲೇ ಉಳಿದವು.

1946ರಲ್ಲಿ ಮಗಳು ಪ್ರಿಮಾವೆರಾ ಹುಟ್ಟಿದಳು. 47ರ ಗಲಾಟೆ, ಆಮೇಲೆ 48 ಜನವರಿಯಲ್ಲಿ ಗಾಂಧೀಜಿ ಹತ್ಯೆ. ಅಕ್ಕಪಕ್ಕದವರೇ ಒಬ್ಬರ ಮೇಲೊಬ್ಬರು ಬೀಳೋದನ್ನ ವಿಯೆನ್ನಾದಲ್ಲಿ ನೋಡಿದ ಹೆಂಗಸು. ಸ್ವತಂತ್ರ ಬಂದ ಸಂತೋಷ ನಮ್ಮದು, ಆಕೆಯ ಲೆಕ್ಕ ಬೇರೆ. 1948ರಲ್ಲಿ ಗಂಡ, ಮಗು ಸಮೇತ ಬ್ರಿಟನ್‌ಗೆ ಹೋದ್ರು. ಇಲ್ಲಿ ಏಳೆಂಟು ವರ್ಷ ಕಟ್ಟಿದ ಸ್ಕೂಲು, ಶಿಷ್ಯರು, ಹೆಸರು ಎಲ್ಲಾ ಬಿಟ್ಟು ಮತ್ತೆ ಸೊನ್ನೆಯಿಂದ. ಲಂಡನ್‌ನಲ್ಲಿ ಇವರ ಥರದ ಡ್ಯಾನ್ಸ್‌ಗೆ ಆಗ ಕಾಯ್ತಾ ಕೂತಿದ್ದವರು ಯಾರೂ ಇಲ್ಲ. ಕ್ಯಾಮ್ಡೆನ್‌ನ ಓವಲ್ ರೋಡ್‌ನಲ್ಲಿ ಮನೆ, ಮನೆಯ ಬೇಸ್‌ಮೆಂಟೇ ಸ್ಟುಡಿಯೋ.

1949ರಲ್ಲಿ ಮಗ ಡೇರಿಯಸ್ ಹುಟ್ಟಿದ. ಡೌನ್ ಸಿಂಡ್ರೋಮ್.

ನನ್ನ ಪ್ರಕಾರ ಈ ಕಥೆಯ ಮುಖ್ಯ ಭಾಗ ಇಲ್ಲಿಂದ ಶುರು. ಡೌನ್ ಅನ್ನೋ ಇಂಗ್ಲಿಷ್ ಡಾಕ್ಟರ್ ಈ ಲಕ್ಷಣಗಳನ್ನ ಬರೆದಿಟ್ಟಿದ್ದು 1866ರಲ್ಲಿ. ಆದ್ರೆ 21ನೇ ಕ್ರೋಮೋಸೋಮ್ ಒಂದು ಜಾಸ್ತಿ ಇರೋದೇ ಕಾರಣ ಅಂತ ಫ್ರಾನ್ಸ್‌ನವರು ತೋರಿಸಿದ್ದು 1959ರಲ್ಲಿ. ಅಂದ್ರೆ ಡೇರಿಯಸ್ ಹುಟ್ಟಿದಾಗ ಯಾಕೆ ಹೀಗೆ ಅನ್ನೋದು ಯಾವ ಡಾಕ್ಟರ್‌ಗೂ ಗೊತ್ತಿರಲಿಲ್ಲ. ಹತ್ತು ವರ್ಷ ಆ ತಾಯಿ ಕಾರಣವೇ ಗೊತ್ತಿಲ್ಲದೆ ಬೆಳೆಸಿದ್ದು, ಜನ ಏನೇನು ಕಾರಣ ಹುಡುಕಿಕೊಟ್ಟಿರಬಹುದು ಅಂತ ಇಲ್ಲಿರೋ ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ. ಅಂಥಾ ಮಕ್ಕಳನ್ನ ಯಾವುದಾದ್ರೂ ಸಂಸ್ಥೆಗೆ ಸೇರಿಸಿ ಮರೆತುಬಿಡಿ ಅನ್ನೋದು ಆ ಕಾಲದಲ್ಲಿ ಅಲ್ಲಿನ ಮಾಮೂಲಿ ಸಲಹೆ. ನಮ್ಮಲ್ಲಿ ಸಂಸ್ಥೆ ಇರಲಿಲ್ಲ, ಒಳಕೋಣೆ ಇತ್ತು. ನಾನು ಬೆಳೆದ ಚಾಳಿನಲ್ಲಿ ಹಾಗೊಂದು ಹುಡುಗ ಇದ್ದ, ನೆಂಟರು ಬಂದಾಗ ಅವನನ್ನ ಮೋರಿ ಪಕ್ಕದ ಪರದೆ ಹಿಂದೆ ಕೂರಿಸೋರು, ನಾವು ಮಕ್ಕಳು ಪರದೆ ಕೆಳಗಿಂದ ಅವನ ಕಾಲು ನೋಡ್ತಿದ್ವಿ.

ಹಿಲ್ಡೆ ಮಗನಿಗೆ ಡ್ಯಾನ್ಸ್ ಕಲಿಸಿದ್ರು. ಮಗನಿಗೆ, ಆಮೇಲೆ ಅವನ ಥರದ ಬೇರೆಯವರಿಗೆ.

ಇದು ಕೇಳೋಕೆ ಚಂದ, ಮಾಡೋಕೆ ಏನು ಅಂತ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ನನ್ನ ಕ್ಲಾಸಿಗೂ ಅಂಥ ಒಬ್ಬ ಹುಡುಗ ಬರ್ತಾನೆ. ಈ ಮಕ್ಕಳ ಮಾಂಸಖಂಡದಲ್ಲಿ ಬಿಗಿ ಕಮ್ಮಿ, ಕೀಲುಗಳು ಸಡಿಲ. ನೋಡೋರಿಗೆ ಅಬ್ಬಾ ಎಷ್ಟು ಚೆನ್ನಾಗಿ ಬಗ್ತಾನೆ ಅನ್ಸುತ್ತೆ, ಕಾಲು ಅಗಲಿಸಿ ಕೂರೋದು ಅವನಿಗೆ ಆಟ. ಆದ್ರೆ ಅರಮಂಡಿಯಲ್ಲಿ, ಅಂದ್ರೆ ಮಂಡಿ ಬಗ್ಗಿಸಿ ಅರ್ಧ ಕೂತ ಹಾಗೆ, ನಿಲ್ಲೋದು ಬೇರೆ ಕಥೆ, ಬಗ್ಗಿದ್ದನ್ನ ಹಿಡಿದು ನಿಲ್ಲೋಕೆ ಬಿಗಿ ಬೇಕಲ್ಲ, ತೊಡೆ ಗಡಗಡ ಅನ್ನುತ್ತೆ. ಕತ್ತಿನ ಮೂಳೆ ಕೆಲವರಲ್ಲಿ ಸಡಿಲ ಇರುತ್ತೆ, ಹಾಗಾಗಿ ಡಾಕ್ಟರ್ ಹತ್ರ ಕೇಳದೆ ಲಾಗ ಹಾಕಿಸೋದು, ಕತ್ತನ್ನ ಜೋರಾಗಿ ತಿರುಗಿಸೋದು ಮಾಡಬಾರದು. ಹೆಚ್ಚುಕಮ್ಮಿ ಅರ್ಧದಷ್ಟು ಮಕ್ಕಳಿಗೆ ಹುಟ್ಟುವಾಗಲೇ ಹಾರ್ಟ್ ತೊಂದರೆ, ಅದರ ಪೇಪರ್ ಮೊದಲು ನೋಡಬೇಕು. ಇಷ್ಟೆಲ್ಲ ನೋಡಿ ತಟ್ಟುಕಳಿ, ಅಂದ್ರೆ ತಾಳ ತಟ್ಟೋ ಕೋಲು, ಹಿಡಿದು ತೈಯಾ ತೈ ಅಂತ ಕೂತ್ರೆ, ಮೊದಲ ತಿಂಗಳು ಆ ಹುಡುಗ ನನ್ನ ಕೈಯಿಂದ ಕೋಲು ಕಸಕೊಂಡು ತಾನೇ ತಟ್ಟೋನು. ತಟ್ಟಲಿ ಅಂತ ಬಿಟ್ಟೆ. ಲಯ ಒಳಗೆ ಹೋಗಿದ್ದು ಕಾಲಿನಿಂದ ಅಲ್ಲ, ಆ ತಟ್ಟೋದರಿಂದಲೇ. ಇನ್ನೊಂದು ಗಮನಿಸಿದ್ದು, ಈ ಮಕ್ಕಳಿಗೆ ಅರ್ಥ ಆಗೋದು ಜಾಸ್ತಿ, ಬಾಯಲ್ಲಿ ಹೇಳೋಕೆ ಬರೋದು ಕಮ್ಮಿ, ನಾಲಿಗೆ ತಿರುಗಲ್ಲ. ಕೈ ಮುಂದೆ ಹೋಗುತ್ತೆ, ಮಾತು ಹಿಂದೆ ಬರುತ್ತೆ. ಕೃಷ್ಣ ಅನ್ನೋಕೆ ಅವನಿಗೆ ಕಷ್ಟ, ಕೊಳಲು ಹಿಡಿಯೋದು ತಕ್ಷಣ. ಹಿಲ್ಡೆ ಬಾಂಬೆಯಲ್ಲಿ ಕೈಗಳ ಭಾಷೆ ಕಲಿತು ಹೋದ್ರಲ್ಲ, ಅದು ಮಗನ ಹತ್ರ ಕೆಲಸಕ್ಕೆ ಬಂದಿರಬೇಕು ಅಂತ ನನ್ನ ಊಹೆ. ಊಹೆ ಅಷ್ಟೇ, ಯಾರೂ ಬರಕೊಳ್ಳಬೇಡಿ.

ಮಗ ಹಾಗೆ ಹುಟ್ಟಿದ್ದು ವರ, ದೇವರು ಆರಿಸಿಕೊಂಡ ತಾಯಿ ಅಂತೆಲ್ಲ ವಾಟ್ಸಾಪ್‌ನಲ್ಲಿ ಬರುತ್ತಲ್ಲ, ಅದನ್ನ ನಾನು ಹೇಳಲ್ಲ. ಆ ತಾಯಂದಿರ ಸೊಂಟ ನೋವು ನೋಡಿದವಳು ನಾನು.

1968ರಲ್ಲಿ ಲಂಡನ್ನಿನ ಸ್ಯಾಡ್ಲರ್ಸ್ ವೆಲ್ಸ್ ಥಿಯೇಟರ್‌ನಲ್ಲಿ ಹಿಲ್ಡೆ ಒಂದು ಪ್ರೊಡಕ್ಷನ್ ಮಾಡಿದ್ರು, ಬೆಳಕಿನ ಕಡೆಗೆ ಅನ್ನೋ ಅರ್ಥದ ಹೆಸರು, ಗ್ರೀಗ್ ಅನ್ನೋ ಯುರೋಪಿನ ಸಂಗೀತಗಾರರ ಸಂಗೀತ. ಕಲಿಕೆಯಲ್ಲಿ ತೀವ್ರ ತೊಂದರೆ ಇರೋ ಯುವಕ ಯುವತಿಯರು, ಪ್ರೊಫೆಷನಲ್ ಡ್ಯಾನ್ಸರ್‌ಗಳು ಒಂದೇ ಸ್ಟೇಜ್ ಮೇಲೆ. ಸ್ಯಾಡ್ಲರ್ಸ್ ವೆಲ್ಸ್ ಅಂದ್ರೆ ಡ್ಯಾನ್ಸ್‌ನವರಿಗೆ ಅದು ಗರ್ಭಗುಡಿ. ಈಗ ಈ ತಾರೀಕು ಪಕ್ಕ ಇನ್ನೊಂದು ತಾರೀಕು ಇಟ್ಟು ನೋಡಿ. ಇಂಗ್ಲೆಂಡಿನಲ್ಲಿ ಅಲ್ಲಿಯವರೆಗೆ ಇಂಥ ಮಕ್ಕಳನ್ನ ವಿದ್ಯೆಗೆ ಯೋಗ್ಯರಲ್ಲ ಅಂತ ಸರ್ಕಾರವೇ ಶಾಲೆಯಿಂದ ಹೊರಗಿಟ್ಟಿತ್ತು. ಅವರಿಗೂ ಶಾಲೆ ಕೊಡಬೇಕು ಅನ್ನೋ ಕಾಯ್ದೆ ಬಂದಿದ್ದು 1970, ಜಾರಿಗೆ ಬಂದಿದ್ದು 1971. ಅಂದ್ರೆ ಈ ಹೆಂಗಸು ಅವರನ್ನ ದೇಶದ ದೊಡ್ಡ ಸ್ಟೇಜ್ ಹತ್ತಿಸಿದಾಗ ಅವರಿಗೆ ಕಾನೂನಿನಲ್ಲಿ ಒಂದು ಬೆಂಚೂ ಇರಲಿಲ್ಲ.

ಹಿಲ್ಡೆ ಬಗ್ಗೆ ಬರೆಯೋರು ವಿಯೆನ್ನಾದ ಕಾಲವನ್ನ ತುಂಬಾ ಹೊಗಳ್ತಾರೆ, ಆಮೇಲಿನದ್ದೆಲ್ಲ ಪಾಪ, ಯುದ್ಧದಿಂದಾಗಿ, ಸಂಸಾರದಿಂದಾಗಿ ಹೋಯ್ತು ಅನ್ನೋ ಧಾಟಿ. ನಾನು ಒಪ್ಪಲ್ಲ. ವಿಯೆನ್ನಾದಲ್ಲಿ ಅವರ ಥರ ಕುಣಿಯೋರು ಇನ್ನೂ ಇದ್ರು, ಅವರ ಗುರುವೇ ಇದ್ರು. ಓವಲ್ ರೋಡ್‌ನ ಬೇಸ್‌ಮೆಂಟಿನಲ್ಲಿ ಮಾಡಿದ ಕೆಲಸ ಮಾಡೋಕೆ ಇನ್ಯಾರಿದ್ರು? ಅದು ಸಂಸಾರದ ಮಧ್ಯೆ ಬಿಡುವು ಮಾಡಿಕೊಂಡು ಮಾಡಿದ್ದಲ್ಲ, ಸಂಸಾರದೊಳಗಿಂದಲೇ ಬಂದಿದ್ದು. ಅಡುಗೆಮನೆ ಮೇಲೆ, ಸ್ಟುಡಿಯೋ ಕೆಳಗೆ, ಮಗ ಎರಡೂ ಕಡೆ.

ಶಿಷ್ಯರ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ಲಿಂಡ್ಸೆ ಕೆಂಪ್ ಅಂತ ಮೈಮ್ ಕಲಾವಿದ ಇವರ ಹತ್ರ ಕಲಿತವರು, ಆ ಕೆಂಪ್ ಹತ್ರ ಕಲಿತವನು ಡೇವಿಡ್ ಬೋವಿ, ಪಾಪ್ ಸ್ಟಾರ್, ನಿಮ್ಮ ಮಕ್ಕಳಿಗೆ ಗೊತ್ತಿರುತ್ತೆ ಕೇಳಿ. ವೋಲ್ಫ್‌ಗಾಂಗ್ ಸ್ಟಾಂಗೆ ಅಂತ ಇನ್ನೊಬ್ಬ ಶಿಷ್ಯ, 1980ರಲ್ಲಿ ಲಂಡನ್‌ನಲ್ಲಿ ಅಮೀಚಿ ಅನ್ನೋ ಡ್ಯಾನ್ಸ್ ಕಂಪನಿ ಶುರು ಮಾಡಿದ್ರು, ಅಂಗವಿಕಲತೆ ಇರೋರು ಇಲ್ಲದವರು ಒಟ್ಟಿಗೆ, ಗುರುವಿನ ಆ 68ರ ಪ್ರಯೋಗದ ದಾರಿಯಲ್ಲೇ. 1996ರಲ್ಲಿ ಆ ಕಂಪನಿ ಹಿಲ್ಡೆಯ ಜೀವನವನ್ನೇ ಒಂದು ಪ್ರೊಡಕ್ಷನ್ ಮಾಡಿತು, ಎರಡು ವರ್ಷದ ನಂತರ ಅದನ್ನ ವಿಯೆನ್ನಾಕ್ಕೂ ತಗೊಂಡು ಹೋದ್ರು. ಯಾವ ಊರಿನಲ್ಲಿ ಸ್ಟೇಜ್ ಹತ್ತಬೇಡ ಅಂದಿದ್ರೋ ಅಲ್ಲಿಗೇ. ಹಿಲ್ಡೆ 2001 ಸೆಪ್ಟೆಂಬರ್‌ನಲ್ಲಿ ತೀರಿಕೊಂಡ್ರು, ಇನ್ನೇನು 96 ತುಂಬಬೇಕಿತ್ತು. ಗೆಳೆಯ ರಾಮ್ ಗೋಪಾಲ್ ಕೂಡ ಕೊನೆಗೆ ಇಂಗ್ಲೆಂಡಿನಲ್ಲೇ ಉಳಿದು 2003ರಲ್ಲಿ ಹೋದ್ರು.

ಸಮಯ ಆಯ್ತು ಅಂತ ಕಾರ್ಯದರ್ಶಿಗಳು ವಾಚ್ ತೋರಿಸ್ತಿದ್ದಾರೆ. ಅವರನ್ನೇ ಒಂದು ಕೇಳಿ ಬಿಡ್ತೀನಿ. ನಮ್ಮ ವಾರ್ಷಿಕೋತ್ಸವದ ಮಕ್ಕಳ ಡ್ಯಾನ್ಸ್‌ಗೆ ಹೆಸರು ತಗೊಳ್ತಿದ್ದೀರಲ್ಲ ಸರ್, ನನ್ನ ಕ್ಲಾಸಿನಿಂದ ಗ್ರೂಪ್ ಬರುತ್ತೆ, ಆ ಹುಡುಗನೂ ಇರ್ತಾನೆ, ಸಾಲಿನ ಮಧ್ಯದಲ್ಲೇ. ಹೋದ ವರ್ಷ ಒಂದು ಕಡೆ ಅವನನ್ನ ಕೊನೇ ಐಟಂಗೆ ಹಾಕಿ, ಸ್ಪೆಷಲ್ ಅಂತ ಅನೌನ್ಸ್ ಮಾಡಿ, ಕೈಗೆ ಒಂದು ಚಾಕಲೇಟ್ ಕೊಟ್ಟು ಕಳಿಸಿದ್ರು. ಈ ಸಲ ಅನೌನ್ಸ್‌ಮೆಂಟ್ ಬೇಡ. ಸ್ಟೇಜ್‌ಗೆ ಹತ್ತೋ ಮೆಟ್ಟಿಲು ಮಾತ್ರ ಕಡಿದಾಗಿದೆ, ಒಂದು ಕೈ ಹಿಡಿ ಹಾಕಿಸಿಕೊಡಿ, ಅಧ್ಯಕ್ಷರ ಮೊಣಕಾಲಿಗೂ ಅನುಕೂಲ ಆಗುತ್ತೆ. ಇನ್ನು ಪ್ರಶ್ನೆ ಇದ್ರೆ ಕೇಳಿ.